ಮೇಲಿನ ಪೆಟ್ಟಿಗೆಯ ನೆನಪು

ವಾಚಕ ಮಹಾಶಯರೇ, ಸತ್ಯವೆಂಬುದು ತಾನಿರುವ ಕೋಣೆಯ ಬಾಗಿಲನ್ನು ತಾನೇ ತೆರೆದು, ಬನ್ನಿ ಕುಳಿತುಕೊಳ್ಳಿ ಎಂದು ಉಪಚರಿಸುವಷ್ಟು ಸೌಜನ್ಯವುಳ್ಳದ್ದಲ್ಲ. ಅದನ್ನು ಅರಸಿ ಹೊರಟವನು ಕೆಲವೊಮ್ಮೆ ನೆಲಕ್ಕೆ ಹೊಟ್ಟೆಯೂರಿ, ಧೂಳು ಕುಡಿದು, ತಂತಿಗಳ ಸಿಕ್ಕಿನೊಳಗೆ ತಲೆ ತೂರಿಸಬೇಕಾಗುತ್ತದೆ. ಆದಕಾರಣ ಈ ವಾರದ ಕಂತು ನಮ್ಮ ಪತ್ತೇದಾರನ ಮುಖದಿಂದ ಮೊದಲಾಗದೆ ಅವನ ಅಂಗಾಲುಗಳಿಂದ ಮೊದಲಾಗುತ್ತಿರುವುದನ್ನು ತಾವು ದೊಡ್ಡ ಮನಸ್ಸಿನಿಂದ ಮನ್ನಿಸತಕ್ಕದ್ದು.

ಆ ಅಂಗಾಲುಗಳು ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಹಿಂಬದಿಯಿಂದ ಹೊರಚಾಚಿದ್ದವು.

"ಕಾಲು ಒಳಗೆಳ್ಕೊಳ್ರೀ. ನಾನು ಎಡವಿ ಬಿದ್ರೆ, ಇಲ್ಲಿ ಕೆಲಸ ಮಾಡೋನು ಅಂತ ಯಾರೂ ಹಾಸಿಗೆ ಬಿಟ್ಕೊಡಲ್ಲ," ಎಂದ ಕಂಪ್ಯೂಟರ್ ವಿಭಾಗದ ಉಸ್ತುವಾರಿ. ತಮಾಷೆಯ ಮಾತು, ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ.

"ಬೀಳೋ ಹಾಗಿದ್ರೆ ಸ್ವಲ್ಪ ತಡೀರಿ ಸಾರ್. ಇನ್ನೂ ನಿಮ್ಮ ಹತ್ರ ಕೇಳೋದಿದೆ," ಎಂದು ಕಪಾಟಿನ ಹಿಂದಿನಿಂದ ಉತ್ತರ ಬಂತು.

ಊರೂರು ಅಲೆದು ನೆಟ್‌ವರ್ಕ್ ರಿಪೇರಿ ಮಾಡುತ್ತ, ಅದರ ನಡುವೆ ಇಂಥ ಪತ್ತೇದಾರಿಕೆಯನ್ನೂ ಮೈಮೇಲೆ ಎಳೆದುಕೊಳ್ಳುವ ಈತನನ್ನು ಕಸುಬಿನವರೆಲ್ಲ ಜಿಗಣೆ ಎಂದೇ ಕರೆಯುವುದು. ಕಚ್ಚಿದರೆ ಬಿಡುವವನಲ್ಲ. ಆದರೆ ಈ ಸಲ ಅವನು ಕಚ್ಚಿ ಹಿಡಿದಿದ್ದ ಸಂಗತಿ ಅವನ ಸ್ವಂತ ಮನೆಯದೇ ಆಗಿತ್ತು.

ಮೊನ್ನೆ, ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಮುದುಕ ದರ್ಜಿಗೆ, ರಕ್ತ ತೆಳುವಾಗಿಸುವ ಔಷಧವನ್ನು ಅರ್ಧ ಡೋಸ್ ಕೊಡುವ ಕಡೆ ಪೂರ್ತಿ ಡೋಸ್ ಚುಚ್ಚಿದಳೆಂಬ ಆರೋಪ ಅದೇ ವಾರ್ಡಿನ ನರ್ಸ್ ಆಗಿದ್ದ ಅವನ ಅಕ್ಕನ ಮೇಲೆ ಬಂದಿತ್ತು. ಸಂಜೆಯೊಳಗೆ ದರ್ಜಿಗೆ ಒಳಗೇ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿದ್ದು, ಇನ್ನೂ ಮರಳಿರಲಿಲ್ಲ. ಇಂದು ಮಧ್ಯಾಹ್ನ ವಿಚಾರಣಾ ಸಮಿತಿ. ಅಲ್ಲಿ ತಪ್ಪೆಂದು ತೀರ್ಮಾನವಾದರೆ ಅಕ್ಕನ ಕೆಲಸ ಹೋಗುವುದಷ್ಟೇ ಅಲ್ಲ, ಅಲ್ಲಿಂದ ನೇರ ಪೊಲೀಸ್ ಠಾಣೆ.

ಅಕ್ಕ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಿದ್ದಳು. ಸಮವಸ್ತ್ರ ತೊಡುವಂತಿರಲಿಲ್ಲ. ಮನೆಯ ಉಡುಪಿನಲ್ಲಿ, ತಾನು ವರ್ಷಗಟ್ಟಲೆ ದುಡಿದ ಕಟ್ಟಡದಲ್ಲೇ ಅವಳು ಯಾರೋ ರೋಗಿಯ ಕಡೆಯವಳಂತೆ ಕಾಣುತ್ತಿದ್ದಳು.

ಜಿಗಣೆ ಹೊರಬಂದು ಮೊಣಕೈ ಕೊಡವಿಕೊಂಡ. "ಅಕ್ಕ, ಇನ್ನೊಂದು ಸಲ ಹೇಳು. ಮೊನ್ನೆ ಬೆಳಗ್ಗೆ ಪಾಳಿಗೆ ಬಂದು ಮೊದಲು ಏನ್ಮಾಡ್ದೆ?"

"ಎಷ್ಟು ಸಲ ಕೇಳ್ತೀಯೋ? ಹಾಸಿಗೆ ಬಿಸಿ ಮಾಡ್ದೆ."

"ಸಾರ್‌ಗೂ ಗೊತ್ತಾಗೋ ಹಾಗೆ ಹೇಳು."

"ಅವರಿಗೇನು ಗೊತ್ತಿಲ್ವಾ?" ಎಂದು ಅಕ್ಕ ಉಸ್ತುವಾರಿಯತ್ತ ನೋಡಿದಳು. "ವಾರ್ಡಲ್ಲಿ ಇರೋದೇ ಒಂದು ಕಂಪ್ಯೂಟರ್. ಒಂದೊಂದು ಪುಟ ತೆರೆಯೋಕೆ ಒಂದು ಯುಗ. ಅದಕ್ಕೆ ಪಾಳಿ ಶುರುವಾದ ತಕ್ಷಣ ಎಲ್ಲಾ ಹಾಸಿಗೆ ಪುಟಗಳನ್ನೂ ಒಂದಾದ ಮೇಲೊಂದು, ಶಿಫ್ಟ್ ಕೀಲಿ ಒತ್ತಿ ಹಿಡ್ಕೊಂಡು, ಹೊಸದಾಗಿ ತರಿಸಿಬಿಡ್ತೀವಿ. ಯಾರೂ ಓದಲ್ಲ, ತೆರೆಯೋದು, ಮುಂದಕ್ಕೆ ಹೋಗೋದು. ಆಮೇಲೆ ಬೇಕಾದಾಗ ಕ್ಲಿಕ್ ಮಾಡಿದ್ರೆ ಚಕ್ ಅಂತ ಬರುತ್ತೆ. ಮೂರೂ ಪಾಳಿಯವರೂ ಹಾಗೇ ಮಾಡೋದು. ಬಿಸಿ ಮಾಡೋದು ಅಂತೀವಿ."

"ಆಮೇಲೆ?"

"ಊಟದ ಹೊತ್ತಿಗೆ ಮುಂಚೆ ದರ್ಜಿ ತಾತಂದು ತೆಗೆದೆ. ಪೂರ್ತಿ ಅಂತಿತ್ತು. ಪೂರ್ತಿ ಚುಚ್ಚಿದೆ." ಅವಳ ದನಿ ಸಣ್ಣಗಾಯಿತು. "ಚುಚ್ಚೋವಾಗ, 'ನಿನ್ನ ಕೈ ನನ್ನ ಕೈಗಿಂತ ಹಗುರ ಕಣಮ್ಮಾ' ಅಂದ್ರು."



ದೊಡ್ಡ ಡಾಕ್ಟರ ಹೇಳಿಕೆ ಬೇರೆ. ಅಂದು ಬೆಳಗಿನ ರೌಂಡ್ಸ್ ಮುಗಿದೊಡನೆಯೇ ತಾವು ಡೋಸನ್ನು ಅರ್ಧಕ್ಕೆ ಇಳಿಸಿ ಕಂಪ್ಯೂಟರಿನಲ್ಲಿ ದಾಖಲಿಸಿದ್ದಾಗಿ ಅವರು ಸಹಿ ಹಾಕಿ ಕೊಟ್ಟಿದ್ದರು. ಸಮಿತಿಯವರು ಮರುದಿನ ವಾರ್ಡಿಗೇ ಬಂದು ಆ ಪುಟ ತೆರೆಸಿದಾಗ ಅರ್ಧವೆಂದೇ ಇತ್ತು. ಅಲ್ಲಿಗೆ ಅಕ್ಕನ ಮಾತು ಕಟ್ಟುಕತೆಯಾಯಿತು. ಯಾವ ಗಳಿಗೆಯಲ್ಲಿ ಬದಲಾವಣೆಯಾಯಿತೆಂದು ತಿಳಿಯಬೇಕಾದರೆ, ದಾಖಲೆಗಳ ಮೂಲ ಸರ್ವರನ್ನು ನಡೆಸುವ ಹೊರಗಿನ ಕಂಪನಿಯನ್ನು ಕೇಳಬೇಕು. ಅವರ ಉತ್ತರ ಬರುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ.

"ನೋಡ್ರೀ ಸಿಸ್ಟರ್," ಎಂದ ಉಸ್ತುವಾರಿ, ಕತ್ತಿನ ಬೆವರನ್ನು ಕರವಸ್ತ್ರದಿಂದ ಒತ್ತಿಕೊಳ್ಳುತ್ತ. "ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಯಂತ್ರದ ಮೇಲೆ ಗೂಬೆ ಕೂರಿಸ್ಬೇಡಿ. ಹೌದು, ವಾರ್ಡಿಗೂ ಹೊರಗಿನ ಸರ್ವರ್‌ಗೂ ನಡುವೆ ಪ್ರಾಕ್ಸಿ ಇದೆ. ಒಮ್ಮೆ ತಂದ ಪುಟದ ಪ್ರತಿ ಇಟ್ಕೊಂಡು, ಮತ್ತೆ ಯಾರಾದ್ರೂ ಕೇಳಿದ್ರೆ ಅದನ್ನೇ ಕೊಡುತ್ತೆ. ಆದ್ರೆ ರೋಗಿಗಳ ಪುಟಕ್ಕೆ ಮೂಲ ಸರ್ವರೇ 'ಇದನ್ನ ಇಟ್ಕೋಬೇಡ' ಅಂತ ಹೇಳಿ ಕಳಿಸುತ್ತೆ. ಹೇಳಿದ್ಮೇಲೆ ಇಟ್ಕೊಳ್ಳಲ್ಲ. ಮುಗೀತು."

"ಇಟ್ಕೊಳ್ಳಲ್ಲ ಅಂದ್ರೆ, ನಮ್ಮ ವಾರ್ಡಲ್ಲಿ ಬಿಸಿ ಮಾಡಿದ್ದು ಹೇಗೆ ಚಕ್ ಅಂತ ಬರ್ತಿತ್ತು?" ಎಂದಳು ಅಕ್ಕ.

ಉಸ್ತುವಾರಿ ಕರವಸ್ತ್ರವನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದ.

ಜಿಗಣೆ ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲದ ಮೇಲೆಯೇ ಕುಳಿತ. "ಸಾರ್, ಈ ಪ್ರಾಕ್ಸಿ ಪೆಟ್ಟಿಗೆ ಇಟ್ಟು ಎಷ್ಟು ಕಾಲ ಆಯ್ತು?"

"ಆಯ್ತು ಸುಮಾರು. ನನ್ನ ಕೂದಲು ಕಪ್ಪಿದ್ದಾಗ ಇಟ್ಟಿದ್ದು."

"ಹಾಗಾದ್ರೆ ಇದರ ಹೊಟ್ಟೆ ಯಾಕೆ ಖಾಲಿ? ಇಷ್ಟು ವರ್ಷ ಮೂರು ಪಾಳಿಯೂ ತಿಂದ ಪೆಟ್ಟಿಗೆ ಡಿಸ್ಕ್ ತುಂಬಿಕೊಂಡು ಬಿರಿಯೋ ಹಾಗಿರಬೇಕು. ಇಲ್ಲಿರೋದು ಒಂದೆರಡು ದಿನದ ಊಟ."

"ಕೆಟ್ಟಿತ್ತು. ಶುದ್ಧ ಮಾಡ್ದೆ."

"ಯಾವಾಗ?"

"ಯಾವಾಗಲೋ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಈ ಉತ್ತರವನ್ನು ಜಿಗಣೆ ಸದ್ಯಕ್ಕೆ ಅಲ್ಲಿಯೇ ಬಿಟ್ಟ. ಪ್ರಾಕ್ಸಿ ಪಾಲಿಸಬೇಕಾದ ನಿಯಮಗಳಿರುವ ಕಾನ್ಫಿಗ್ ಫೈಲನ್ನು ತೆರೆದು, ಸಾಲು ಸಾಲಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಓದತೊಡಗಿದ. ಅನುಮಾನಕ್ಕೆ ಎಡೆಕೊಡುವ ನಿಯಮ ಒಂದೂ ಇರಲಿಲ್ಲ. ಅಷ್ಟು ಶುಭ್ರವಾದ ಫೈಲನ್ನು ಅವನು ತನ್ನ ಕಸುಬಿನಲ್ಲಿ ಕಂಡದ್ದು ಅಪರೂಪ. ಒಂದೇ ಒಂದು ಸಾಲು ಮಾತ್ರ, ಆರಂಭದಲ್ಲಿ, ಯಂತ್ರ ಅದನ್ನು ಓದದಂತೆ ತಡೆಯುವ ಒಂದು ಗುರುತು ಹಾಕಿಸಿಕೊಂಡು, ಇದ್ದೂ ಇಲ್ಲದಂತಾಗಿತ್ತು: ಈ ಪೆಟ್ಟಿಗೆ ತಾನೇ ಹೊರಗೆ ಹೋಗದೆ, ಹಳೆ ಕಟ್ಟಡದಲ್ಲಿರುವ ಇಂಥದೇ ಇನ್ನೊಂದು, ಅಂದರೆ ಮೇಲಿನ ಪೆಟ್ಟಿಗೆಯನ್ನು ಕೇಳಬೇಕೆಂಬ ಸಾಲು.

ಅವನ ಎದೆಯಲ್ಲಿ ಎರಡು ದಿನಗಳಿಂದ ಮುಳ್ಳಿನಂತಿದ್ದ ಅನುಮಾನ ಮತ್ತೆ ಚುಚ್ಚಿತು. ಫೈಲು ಇಷ್ಟು ಶುಭ್ರವಾಗಿದ್ದರೆ ಯಂತ್ರ ನಿರ್ದೋಷಿ. ಯಂತ್ರ ನಿರ್ದೋಷಿಯಾದರೆ...

"ನೀನೂ ನಂಬಿಲ್ಲ, ಅಲ್ವೇನೋ?" ಎಂದಳು ಅಕ್ಕ, ಮೆಲ್ಲಗೆ.

ಚಿಕ್ಕಂದಿನಿಂದಲೂ ಅವನ ಬೆನ್ನು ನೋಡಿಯೇ ಮನಸ್ಸನ್ನು ಓದಬಲ್ಲವಳು ಅವಳೊಬ್ಬಳೇ.

"ನಾನು ನಂಬೋದು ಬಿಡೋದು ಸಮಿತಿಗೆ ಬೇಕಾಗಿಲ್ಲ ಅಕ್ಕ," ಎಂದ ಅವನು, ತಲೆಯೆತ್ತದೆ.

"ಸಮಿತಿ ವಿಷಯ ನಾನು ಕೇಳ್ಲಿಲ್ಲ."

ಅವನು ಕೀಲಿಮಣೆಯ ಮೇಲೆ ಬೆರಳಿಟ್ಟ. ಹಾಗೆ ಬೆರಳಿಟ್ಟಾಗಲೇ ಅವನಿಗೊಂದು ಯೋಚನೆ ಹೊಳೆಯಿತು. ಫೈಲಿನಲ್ಲಿ ಬರೆದಿರುವುದು ಬೇರೆ. ಓಡುತ್ತಿರುವ ಪ್ರಾಕ್ಸಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಬೇರೆ. ಫೈಲನ್ನು ತಿದ್ದಿದವನು 'ಮತ್ತೊಮ್ಮೆ ಓದು' ಎಂದು ಹೇಳದ ಹೊರತು, ಅದು ಎದ್ದಾಗ ಓದಿಕೊಂಡ ಹಳೆಯ ನಿಯಮಗಳನ್ನೇ ಪಾಲಿಸುತ್ತಿರುತ್ತದೆ. ಭಯದಲ್ಲಿ ಕೈಯಾಡಿಸಿದವನು ಮರೆಯುವುದು ಇದನ್ನೇ.

ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಪುಟವನ್ನು ಸಿದ್ಧಪಡಿಸಿದ. ಅದರಲ್ಲಿದ್ದದ್ದು, ಕೇಳಿದ ಗಳಿಗೆಯ ವೇಳೆಯನ್ನು ತೋರಿಸುವ ಒಂದು ಗಡಿಯಾರ ಮಾತ್ರ. ಅದರ ತಲೆಗೆ 'ಇಟ್ಟುಕೊಳ್ಳಬೇಡ' ಎಂಬ ಅಪ್ಪಣೆಯನ್ನು ಕಟ್ಟಿದ.

"ಸಾರ್, ನಿಮ್ಮ ಕಂಪ್ಯೂಟರಿಂದ, ಪ್ರಾಕ್ಸಿ ಮೂಲಕವೇ, ಈ ವಿಳಾಸ ತೆಗೀರಿ."

"ಯಾಕೆ?"

"ನಿಮ್ಮ ಯಂತ್ರ ಹೇಳಿದ ಮಾತು ಕೇಳುತ್ತೆ ಅಂದ್ರಲ್ಲ. ನಾನೂ ನೋಡ್ತೀನಿ."

ಉಸ್ತುವಾರಿ ತೆರೆದ. ಗಡಿಯಾರ ಬಂತು.

"ಒಂದು ನಿಮಿಷ ಹೋಗ್ಲಿ, ಸ್ವಲ್ಪ ನೀರು ಕುಡೀರಿ. ಈಗ ಇನ್ನೊಂದು ಸಲ ತೆಗೀರಿ. ಸುಮ್ಮನೆ ಕ್ಲಿಕ್, ಕೀಲಿ ಒತ್ತಬೇಡಿ."

ಉಸ್ತುವಾರಿ ಕ್ಲಿಕ್ ಮಾಡಿದ. ಗೋಡೆಯ ಗಡಿಯಾರದ ಮುಳ್ಳು ಆಗಲೇ ಮುಂದೆ ಸರಿದಿತ್ತು. ಪರದೆಯ ಮೇಲಿನ ಗಡಿಯಾರ ಮಾತ್ರ ಮೊದಲಿನ ವೇಳೆಯಲ್ಲೇ, ಉಸಿರು ಕಟ್ಟಿದಂತೆ ನಿಂತಿತ್ತು. ಪುಟದ ಬೆನ್ನಿಗೆ, ಪರದೆಯಲ್ಲಿ ಕಾಣದಂತೆ, ಪ್ರಾಕ್ಸಿ ಒತ್ತಿದ ಮುದ್ರೆಯನ್ನು ಜಿಗಣೆ ಗಟ್ಟಿಯಾಗಿ ಓದಿದ: ಇದು ಹೊರಗಿನಿಂದ ತಂದದ್ದಲ್ಲ, ನನ್ನಲ್ಲೇ ಇದ್ದದ್ದು.

ಉಸ್ತುವಾರಿಯ ಮುಖ ಹುಳ್ಳಗಾಯಿತು.

"ಬೇಡ ಅಂದ್ರೂ ಇಟ್ಕೋ ಅಂತ ಇದಕ್ಕೆ ಹೇಳಿಕೊಟ್ಟಿದ್ದು ಯಾರು ಸಾರ್?" ಜಿಗಣೆಯ ದನಿ ಏರಲಿಲ್ಲ. "ಆ ಸಾಲನ್ನ ಫೈಲಿಂದ ಅಳಿಸಿದ್ರಿ. ಓದಿಸೋದು ಮರೆತ್ರಿ. ಅದು ಪಾಪ ಇನ್ನೂ ನಿಮ್ಮ ಹಳೇ ಮಾತನ್ನೇ ನಂಬಿ ಕೂತಿದೆ."

ಉಸ್ತುವಾರಿ ಕುರ್ಚಿಯೊಳಗೆ ಕುಸಿದ. ಮಾತು ಹೊರಟಾಗ ತಡೆಯುವಂತಿರಲಿಲ್ಲ.

"ಎಲ್ಲರೂ ನನ್ನ ಪ್ರಾಣ ತಿಂದ್ರು ಕಣ್ರೀ! ಪುಟ ನಿಧಾನ, ಪುಟ ನಿಧಾನ ಅಂತ. ಹೊರಗಿನ ಲೈನು ಗೋಣಿದಾರದಷ್ಟು ಸಣ್ಣದು, ನಾನೇನ್ಮಾಡ್ಲಿ? ಎಲ್ಲಾನೂ ಇಟ್ಕೋ ಅಂತ ಒಂದು ಸಾಲು ಹಾಕ್ದೆ. ಎಲ್ಲರೂ ಭೇಷ್ ಅಂದ್ರು. ಯಾರೂ ಯಾಕೆ ಜೋರಾಯ್ತು ಅಂತ ಕೇಳ್ಲಿಲ್ಲ." ಅವನು ಅಕ್ಕನ ಮುಖವನ್ನು ನೋಡಲಾರದೆ ನೆಲಕ್ಕೆ ಮಾತಾಡುತ್ತಿದ್ದ. "ಮೊನ್ನೆ ಸಂಜೆ ದೊಡ್ಡ ಡಾಕ್ಟ್ರು ಫೋನ್ ಮಾಡಿದ್ರು. ವಾರ್ಡಲ್ಲಿ ಹಳೇ ಪುಟ ಬರ್ತಿದೆ, ಈಗಿಂದೀಗ ಸರಿಮಾಡು ಅಂದ್ರು. ನೋಡಿದ್ರೆ ಪೂರ್ತಿ ಅಂತಿತ್ತು. ಈ ಪೆಟ್ಟಿಗೆ ಖಾಲಿ ಮಾಡಿ ಎಬ್ಬಿಸಿದೆ. ಆದ್ರೂ ಹಳೇದೇ ಬಂತು! ಮತ್ತೆ ಖಾಲಿ ಮಾಡಿದೆ. ಮತ್ತೆ ಪೂರ್ತಿ! ಮೈಯೆಲ್ಲ ಬೆವೆತುಹೋಯ್ತು. ಆಮೇಲೆ ತಲೆಗೆ ಹೋಯ್ತು, ಇದು ಕೊಡ್ತಿಲ್ಲ, ಮೇಲಿನ ಪೆಟ್ಟಿಗೆ ಕೊಡ್ತಿದೆ. ಅಲ್ಲಿಗೂ ಅದೇ ಸಾಲು ನಕಲು ಮಾಡಿ ಅಂಟಿಸಿದ್ದು ನಾನೇ. ಅಲ್ಲಿಗೆ ಓಡೋಷ್ಟು ಪುರಸೊತ್ತಿರಲಿಲ್ಲ. ಅದನ್ನ ಕೇಳೋ ಸಾಲಿಗೆ ಗುರುತು ಹಾಕಿ, ಇದೇ ನೇರ ಹೊರಗೆ ಹೋಗಲಿ ಅಂತ ಮತ್ತೆ ಖಾಲಿ ಮಾಡಿ ಎಬ್ಬಿಸಿದೆ. ಆಗ ಅರ್ಧ ಅಂತ ಬಂತು."

"ವಿಚಾರಣೆ ಅಂದ ಮೇಲೆ ಆ 'ಎಲ್ಲಾನೂ ಇಟ್ಕೋ' ಸಾಲನ್ನೂ ಅಳಿಸಿದ್ರಿ."

"ಮನೇಲಿ ಮಕ್ಕಳಿದ್ದಾರೆ ಸ್ವಾಮಿ."

"ನನಗೂ ಇದ್ದಾರೆ," ಎಂದಳು ಅಕ್ಕ. ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಈ ಮಾತಿಗೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

ಎರಡು ದಿನಗಳಲ್ಲಿ ಮೊದಲ ಬಾರಿಗೆ ಅಕ್ಕನ ಬೆನ್ನು ನೆಟ್ಟಗಾಯಿತು. ಬೆಳಗ್ಗೆ ಬಿಸಿ ಮಾಡಿದಾಗ ಪೆಟ್ಟಿಗೆ ಪೂರ್ತಿ ಎಂಬ ಪುಟವನ್ನು ಇಟ್ಟುಕೊಂಡಿತು. ಆಮೇಲೆ ಡಾಕ್ಟರು ಅರ್ಧ ಮಾಡಿದರು. ಊಟಕ್ಕೆ ಮುಂಚೆ ಅವಳು ತೆರೆದಾಗ ಪೆಟ್ಟಿಗೆ ಹಳೆಯದನ್ನೇ ಕೊಟ್ಟಿತು. ಎಲ್ಲವೂ ಸರಿಯಾಗಿ ಕೂಡಿಕೊಂಡಿತು.

"ಇಷ್ಟು ಹೇಳಿದ್ರೆ ಸಾಲದೇನೋ?" ಎಂದಳು.

"ಬಾಯಿ ಮಾತು ಸಾಲದು. ಮೇಲಿನ ಪೆಟ್ಟಿಗೆಯಲ್ಲಿ ಆ ಹಳೇ ಪುಟ ಇನ್ನೂ ಇದ್ರೆ, ಅದನ್ನ ಸಮಿತಿ ಮುಂದೆ ಇಡಬಹುದು." ಜಿಗಣೆ ಆಗಲೇ ಮೇಲಿನ ಪೆಟ್ಟಿಗೆಯ ವಿಳಾಸವನ್ನು ಒತ್ತುತ್ತಿದ್ದ. "ನಿನ್ನಲ್ಲಿದ್ರೆ ಕೊಡು, ಇಲ್ಲದಿದ್ರೆ ಇಲ್ಲ ಅನ್ನು, ಹೊರಗೆ ಹೋಗಿ ತರಬೇಡ ಅಂತ ಕೇಳೋಕೆ ದಾರಿಯಿದೆ. ಹಾಗೇ ಕೇಳ್ತೀನಿ."

ಮೂವರೂ ಪರದೆಯತ್ತ ಬಾಗಿದರು.

ಪುಟ ಬಂತು. ಕಿಟಕಿ ಪಕ್ಕದ ಹಾಸಿಗೆ. ದರ್ಜಿಯ ವಯಸ್ಸು, ತೂಕ, ಔಷಧದ ಹೆಸರು. ಅದರ ಮುಂದೆ: ಪೂರ್ತಿ ಡೋಸ್.

ಅಕ್ಕ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಉಸ್ತುವಾರಿ "ನನ್ನ ಕೆಲಸ ಹೋಯ್ತು" ಎಂದ. ಅಚ್ಚರಿಯೆಂದರೆ ಹಾಗೆನ್ನುವಾಗ ಅವನ ದನಿಯಲ್ಲಿ ಎಷ್ಟೋ ಹಗುರವಿತ್ತು.

ಜಿಗಣೆ ಮಾತ್ರ ಅಲುಗಾಡಲಿಲ್ಲ. ಅವನು ಪುಟವನ್ನು ಬಿಟ್ಟು ಅದರ ಬೆನ್ನನ್ನು ಓದುತ್ತಿದ್ದ. ಮೂಲ ಸರ್ವರಿನಿಂದ ಹೊರಟ ಪ್ರತಿಯೊಂದು ಪುಟಕ್ಕೂ ಆ ಸರ್ವರೇ ಒಂದು ವೇಳೆಯ ಮುದ್ರೆ ಒತ್ತಿ ಕಳಿಸುತ್ತದೆ. ನಡುವಿನ ಪೆಟ್ಟಿಗೆಗಳು ಅದನ್ನು ಮುಟ್ಟುವುದಿಲ್ಲ.

"ಅಕ್ಕ. ನೀನು ಹೋದ ಮೇಲೆ ಎರಡನೇ ಪಾಳಿಗೆ ಬಂದವರು ಬಿಸಿ ಮಾಡಿದ್ರಾ?"

"ಮಾಡೇ ಮಾಡ್ತಾಳೆ. ನಾನು ಬ್ಯಾಗ್ ತಗೊಂಡು ಹೊರಡೋವಾಗ ಕೂತು ಮಾಡ್ತಿದ್ಲು. ಓದಿಲ್ಲ, ಏನಿತ್ತೋ ಗೊತ್ತಿಲ್ಲ ಅಂತ ಸಮಿತಿಗೂ ಹೇಳಿದ್ದಾಳೆ. ಯಾಕೋ?"

"ಬಿಸಿ ಮಾಡಿದ್ರೆ ಎರಡೂ ಪೆಟ್ಟಿಗೆ ದಾಟಿ ಮೂಲ ಸರ್ವರಿಂದ ಹೊಸದಾಗಿ ಬರುತ್ತೆ. ಹೌದಾ ಸಾರ್?"

"ಹೌದು. ಕೀಲಿ ಒತ್ತಿ ತರಿಸಿದ್ದನ್ನ ನಾನು ತಡೆದಿಲ್ಲ."

"ಹಾಗಾದ್ರೆ ಇದನ್ನ ನೋಡಿ." ಜಿಗಣೆಯ ಬೆರಳು ಮುದ್ರೆಯ ಮೇಲೆ ನಿಂತಿತು. "ಇದು ನೀನು ಬೆಳಗ್ಗೆ ಬಿಸಿ ಮಾಡಿದ ಪುಟ ಅಲ್ಲ ಅಕ್ಕ. ಅವಳು ಮಧ್ಯಾಹ್ನ ಮಾಡಿದ್ದು. ನೀನು ಸೂಜಿ ಚುಚ್ಚಿ, ಊಟ ಮಾಡಿ, ಮನೆಗೆ ಹೊರಟ ಮೇಲಿಂದು. ಆಗಲೂ ಮೂಲ ಸರ್ವರ್ ಪೂರ್ತಿ ಅಂತಲೇ ಹೇಳ್ತಿತ್ತು."

ಮೊದಲು ಅರ್ಥವಾದದ್ದು ಉಸ್ತುವಾರಿಗೆ. ಅವನು ಕುರ್ಚಿಯಿಂದ ಅರ್ಧ ಎದ್ದ.

"ಅಂದ್ರೆ... ನನ್ನ ಪೆಟ್ಟಿಗೆ..."

"ನಿಮ್ಮ ಪೆಟ್ಟಿಗೆ ಕಾಯಿದೆ ಮುರಿದಿದ್ದು ನಿಜ. ಆದ್ರೆ ಅವತ್ತು ಸುಳ್ಳು ಹೇಳ್ಲಿಲ್ಲ. ಅಕ್ಕ ಚುಚ್ಚಿದಾಗ ಪೂರ್ತಿ ಅನ್ನೋದೇ ಸತ್ಯವಾಗಿತ್ತು. ಅರ್ಧ ಆಗಿದ್ದು ಆಮೇಲೆ. ತಾತನಿಗೆ ರಕ್ತ ಹೋಗೋಕೆ ಶುರುವಾದ ಮೇಲೆ ಅಂತ ನನ್ನ ಲೆಕ್ಕ. ಅದಾದ ಮೇಲೆ ನಿಮಗೆ ಫೋನ್."

"ದೊಡ್ಡ ಡಾಕ್ಟ್ರು..." ಎಂದ ಉಸ್ತುವಾರಿ, ಬಾಗಿಲತ್ತ ನೋಡಿ ನಾಲಿಗೆ ಕಚ್ಚಿಕೊಂಡ.

ಅಕ್ಕ ತಮ್ಮನ ಹೆಗಲ ಮೇಲೆ ಕೈಯಿಟ್ಟಳು. ಯಂತ್ರದ ತಪ್ಪೆಂದಾಗ ಬಂದಿದ್ದ ನಿರಾಳ ಅವಳ ಮುಖದಿಂದ ಜಾರಿಹೋಗಿತ್ತು. ಯಂತ್ರದೊಂದಿಗೆ ಜಗಳ ಸುಲಭ, ಮನುಷ್ಯನೊಂದಿಗೆ, ಅದರಲ್ಲೂ ಸಮಿತಿಯವರೆಲ್ಲ ಎದ್ದು ನಿಂತು ಗೌರವಿಸುವ ಮನುಷ್ಯನೊಂದಿಗೆ, ಹಾಗಲ್ಲ.

"ಇದನ್ನ ಇಳಿಸಿಕೊಳ್ಳೋ, ಬೇಗ," ಎಂದಳು.

"ಇಳಿಸಿಕೊಂಡೆ. ಆದ್ರೆ ನನ್ನ ಲ್ಯಾಪ್‌ಟಾಪಲ್ಲಿರೋದನ್ನ ತಮ್ಮ ಬರೆದ ಕತೆ ಅಂತಾರೆ. ಸಮಿತಿಯ ಕಣ್ಣೆದುರಿಗೇ ಆ ಪೆಟ್ಟಿಗೆ ಬಾಯಿಂದಲೇ ಹೇಳಿಸಬೇಕು. ಸಾರ್, ಇನ್ನೊಮ್ಮೆ ಕೇಳ್ತೀನಿ, ನೀವು ಸಾಕ್ಷಿಯಾಗಿ ನೋಡ್ತಿರಿ."

ಅವನು ಮತ್ತೆ ಕೇಳಿದ.

ಪರದೆ ಬೆಳ್ಳಗಿತ್ತು. ಬೆಳ್ಳಗೇ ಉಳಿಯಿತು. ಆಮೇಲೆ ಒಂದು ಸಾಲು ಮೂಡಿತು: ಆ ವಿಳಾಸದಲ್ಲಿ ಯಾರೂ ಉತ್ತರಿಸುತ್ತಿಲ್ಲ.

"ಕರೆಂಟ್ ಹೋಗಿರಬೇಕು," ಎಂದ ಉಸ್ತುವಾರಿ. ಅವನಿಗೇ ಆ ಮಾತಿನಲ್ಲಿ ನಂಬಿಕೆಯಿದ್ದಂತಿರಲಿಲ್ಲ.

ಜಿಗಣೆ ಕಿಟಕಿಗೆ ಹೋದ. ಅಂಗಳದಾಚೆಯ ಹಳೆ ಕಟ್ಟಡದ ಉದ್ದಕ್ಕೂ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳ ಹಬೆ ಎಂದಿನಂತೆ ಕೊಳವೆಯಿಂದ ಏಳುತ್ತಿತ್ತು. ಅದರ ಮೇಲಿನ ಮಹಡಿಯ ಮೂಲೆಯ ಒಂದೇ ಒಂದು ಕಿಟಕಿ ಕತ್ತಲಾಗಿತ್ತು.

"ಆ ಕೋಣೆಯೇನಾ?"

"ಅದೇ."

"ಕೀಲಿ?"

"ಒಂದು ನನ್ನ ಹತ್ರ. ಇಗೋ, ಇಲ್ಲೇ ಇದೆ." ಉಸ್ತುವಾರಿ ಜೇಬಿನಿಂದ ತೆಗೆದು ತೋರಿಸಿದ. ಬಳಿಕ ಅವನ ಕಣ್ಣು ಅಕ್ಕನತ್ತ ಹೋಯಿತು, ಹೋದಷ್ಟೇ ಬೇಗ ಹಿಂದೆ ಬಂತು. "ಇನ್ನೊಂದು ಎಲೆಕ್ಟ್ರಿಕ್ ವಿಭಾಗದಲ್ಲಿರುತ್ತೆ. ಫೋರ್‌ಮನ್ ಹತ್ರ."

ಅಕ್ಕ ಹಿಂದೆ ಸರಿದು ಸ್ಟೂಲಿನ ಮೇಲೆ ಕುಳಿತಳು.

"ಫೋರ್‌ಮನ್ ಅಂದ್ರೆ..." ಎಂದು ಜಿಗಣೆ ತಿರುಗಿದ. ಕೇಳಬೇಕಾದ್ದೇನೂ ಇರಲಿಲ್ಲ. ಆಸ್ಪತ್ರೆಯ ಎಲೆಕ್ಟ್ರಿಕ್ ಫೋರ್‌ಮನ್ ಯಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಮದುವೆಯಂದು ವರನ ವೇಷದಲ್ಲಿದ್ದ ಆತನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದವನು ಜಿಗಣೆಯೇ.

"ನಿಮ್ಮ ಭಾವ ಹಾಗೆ ಮಾಡೋರಲ್ಲ," ಎಂದಳು ಅಕ್ಕ. ಹೇಳಿದ್ದು ತಮ್ಮನಿಗೆ; ಕೇಳಿಸಿಕೊಂಡದ್ದು ತಾನೇ. "ಯಾರೋ ಹೇಳಿದ್ರೆ ಮಾಡಿರಬಹುದು. ಯಾಕೆ ಅಂತ ಗೊತ್ತಿರಲ್ಲ ಅವರಿಗೆ. ಗೊತ್ತಿದ್ರೆ ಮಾಡ್ತಿರಲಿಲ್ಲ. ಅಲ್ವೇನೋ?"

ಜಿಗಣೆಯ ಯೋಚನೆ ಆ ಪೆಟ್ಟಿಗೆಯ ಡಿಸ್ಕಿನ ಮೇಲಿತ್ತು. ಕರೆಂಟು ಹೋದರೂ ಡಿಸ್ಕಿನಲ್ಲಿ ಬರೆದದ್ದು ಅಳಿಯುವುದಿಲ್ಲ. ಯಾರಾದರೂ ಡಿಸ್ಕನ್ನೇ ಕಿತ್ತೊಯ್ದರೆ ಮಾತ್ರ ಎಲ್ಲ ಮುಗಿಯಿತು. ಅವನು ಲ್ಯಾಪ್‌ಟಾಪನ್ನು ಮಡಿಸಿ ಚೀಲಕ್ಕಿಟ್ಟ. ತಂತಿಯನ್ನು ಮೊಣಕೈಗೆ ಸುತ್ತಿ ಸುರುಳಿ ಮಾಡಿ ಅದರ ಮೇಲಿಟ್ಟ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಹೋದವನು, ಮನಸ್ಸು ಬದಲಿಸಿ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ.

"ಸಾರ್, ನೀವು ಅಕ್ಕನ ಜೊತೆ ಇಲ್ಲೇ ಇರಿ. ದೊಡ್ಡ ಡಾಕ್ಟ್ರ ಫೋನ್ ಬಂದ್ರೆ, ಇನ್ನೂ ತಂತಿ ಎಳೀತಾ ಬಿದ್ಕೊಂಡಿದ್ದಾನೆ, ತಲೆಬುಡ ಗೊತ್ತಾಗಿಲ್ಲ ಅಂತ ಹೇಳಿ."

"ನಾನೂ ಬರ್ತೀನಿ," ಎಂದು ಅಕ್ಕ ಎದ್ದಳು.

"ಬೇಡ. ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ."

"ಗೊತ್ತಿಲ್ಲ ಅಂತಲೇ ಬರ್ತೀನಿ ಅಂದಿದ್ದು!"

ಅವನು ಅವಳನ್ನು ನೋಡಿದ. ಬೆಳಗಿನಿಂದ ಬಾಕಿಯುಳಿದಿದ್ದ ಮಾತೊಂದು ನಾಲಿಗೆಯ ತುದಿಯಲ್ಲಿತ್ತು.

"ನಂಬಿದೀನಿ ಅಕ್ಕ," ಎಂದ. "ನಿನ್ನನ್ನ."

ಆ ಕೊನೆಯ ಪದದ ಭಾರ ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವಳು ಮತ್ತೆ ಸ್ಟೂಲಿನ ಮೇಲೆ ಕುಳಿತಳು.

ಜಿಗಣೆ ಉಸ್ತುವಾರಿಯ ಕೈಯಿಂದ ಕೀಲಿಯನ್ನು ತೆಗೆದುಕೊಂಡ. ಚೀಲವನ್ನು ಹೆಗಲಿಗೇರಿಸಿ, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಅಂಗಳದ ಬಿಸಿಲಿಗೆ ಬಂದ. ಹಬೆಯಾಡುವ ಕೊಳವೆಯ ಪಕ್ಕದ ಕಬ್ಬಿಣದ ಮೆಟ್ಟಿಲುಗಳ ಮೇಲೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಪೊಟ್ಟಣವನ್ನು ಅವುಚಿಕೊಂಡು ಇಳಿದು ಬರುತ್ತಿದ್ದ ಭಾವ, ಅವನನ್ನು ಕಂಡೊಡನೆ, ಹಿಂದೆ ತಿರುಗಿ ಮತ್ತೆ ಮೇಲೆ ಹತ್ತತೊಡಗಿದರು.